ತಪ್ಪಿದ ಮೇಲೆ ಮೊದಲು ಯಾರ ಹತ್ತಿರ ಹೋಗುತ್ತೀರಿ?

ಓದುಗರ ಪ್ರಶ್ನೆ: ನಾನು ಯೇಸುವನ್ನು ನಂಬಿ ದೀಕ್ಷಾಸ್ನಾನ ತೆಗೆದುಕೊಂಡು ಹಲವು ವರ್ಷಗಳಾದವು. ರಕ್ಷಣೆ ದೇವರ ಕೃಪೆಯಿಂದಲೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ದಿನದಿನದ ಬದುಕಿನಲ್ಲಿ ಆ ಧೈರ್ಯ ನಿಲ್ಲುವುದಿಲ್ಲ. ಬೆಳಿಗ್ಗೆ ಪ್ರಾರ್ಥನೆ ತಪ್ಪಿದರೆ ಇಡೀ ದಿನ ದೇವರು ಮುಖ ತಿರುಗಿಸಿಕೊಂಡಿದ್ದಾನೆ ಅನಿಸುತ್ತದೆ. ಮಕ್ಕಳ ಮೇಲೆ ರೇಗಬಾರದು ಎಂದು ಎಷ್ಟೋ ಸಲ ಪ್ರಾರ್ಥಿಸಿದ್ದೇನೆ, ಮತ್ತೆ ಮತ್ತೆ ಅದೇ ಆಗುತ್ತದೆ. ಅಂಥ ದಿನ ಬೈಬಲ್ ತೆರೆಯುವುದಕ್ಕೂ ನಾಚಿಕೆ. ಏನಾದರೂ ಕಷ್ಟ ಬಂದರೆ ಇದು ಅದಕ್ಕೇ ಶಿಕ್ಷೆ ಇರಬೇಕು ಅಂತ ಹೆದರಿಕೆ. ಕೃಪೆಯನ್ನು ನಂಬಿ ಬಾಳುವುದು ಅಂದರೆ ನಿಜಕ್ಕೂ ಏನು ಮಾಡಬೇಕು? ಬರೀ ಕೃಪೆ ಕೃಪೆ ಅಂತಿದ್ದರೆ ನಾವು ಸಡಿಲವಾಗಿಬಿಡುವುದಿಲ್ಲವೇ?

ಉತ್ತರ:

ಪ್ರಿಯ ಸಹೋದರಿ,

ನಿಮ್ಮ ಪತ್ರದಲ್ಲಿ ಒಂದು ಮಾತು ಉಳಿದೆಲ್ಲದಕ್ಕಿಂತ ಜಾಸ್ತಿ ಹೇಳುತ್ತದೆ. ರೇಗಾಡಿದ ದಿನ ಬೈಬಲ್ ತೆರೆಯುವುದಕ್ಕೂ ನಾಚಿಕೆ ಅಂದಿದ್ದೀರಿ. ಅಂದರೆ ದೇವರ ಸಹಾಯ ತೀರಾ ಬೇಕಾಗಿರುವ ದಿನವೇ ನೀವು ಆತನಿಂದ ದೂರ ಉಳಿಯುತ್ತಿದ್ದೀರಿ. ಸಿಟ್ಟಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮೊದಲು ನೋಡಬೇಕಾದದ್ದು ಈ ದೂರ ಉಳಿಯುವುದನ್ನು.

ಕೃಪೆಯನ್ನು ನಂಬಿ ಬಾಳುವುದು ಅಂದರೆ ಏನು ಮಾಡಬೇಕು ಎಂದು ಕೇಳಿದ್ದೀರಿ. ತಪ್ಪಿದ ಕೂಡಲೇ, ಇನ್ನೂ ಏನೂ ಸರಿಹೋಗದೆ ಇರುವಾಗಲೇ, ದೇವರ ಹತ್ತಿರ ಹೋಗಬೇಕು. ನನ್ನ ಉತ್ತರ ಇಷ್ಟೇ. ಆದರೆ ಇದನ್ನು ಮಾಡುವುದು ಎಷ್ಟು ಕಷ್ಟ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಯಾಕೆಂದರೆ ನಮ್ಮ ಮನಸ್ಸಿನಲ್ಲಿ ಇದರ ಕ್ರಮ ತಿರುಗಾಮುರುಗಾ ಆಗಿರುತ್ತದೆ. ಮೊದಲು ನಾನು ಸರಿಹೋಗಬೇಕು, ನಾಲ್ಕು ದಿನ ಚೆನ್ನಾಗಿ ನಡೆದುಕೊಳ್ಳಬೇಕು, ಆಮೇಲೆ ಧೈರ್ಯವಾಗಿ ಪ್ರಾರ್ಥನೆಗೆ ಕೂರಬಹುದು ಅಂತ ಲೆಕ್ಕ ಹಾಕುತ್ತೇವೆ.

ಇಬ್ರಿಯರಿಗೆ ಬರೆದ ಪತ್ರಿಕೆಯ 4ನೇ ಅಧ್ಯಾಯದ ಕೊನೆಯ ವಚನ ಈ ಲೆಕ್ಕವನ್ನು ಬುಡದಿಂದಲೇ ಕೀಳುತ್ತದೆ. ಕೃಪಾಸನದ, ಅಂದರೆ ದೇವರ ಕೃಪೆಯ ಸಿಂಹಾಸನದ ಮುಂದೆ ಧೈರ್ಯದಿಂದ ಬರೋಣ ಎಂದು ಅಲ್ಲಿ ಕರೆಯುತ್ತಾರೆ. ಯಾತಕ್ಕೆ ಬರಬೇಕು? ಕರುಣೆ ಹೊಂದುವುದಕ್ಕೆ, ಬೇಕಾದ ಸಮಯದಲ್ಲಿ ಸಹಾಯ ಸಿಗುವುದಕ್ಕೆ. ಕರುಣೆ ಯಾರಿಗೆ ಬೇಕು ಹೇಳಿ, ತಪ್ಪಿದವರಿಗೆ ತಾನೇ? ಎಲ್ಲ ಸರಿಯಾಗಿರುವವರಿಗೆ ಕರುಣೆಯ ಕೆಲಸವೇನು? ಆ ವಚನದ ಹಿಂದಿನ ಮಾತನ್ನೂ ಓದಿ. ನಮ್ಮ ಮಹಾಯಾಜಕನಾದ ಯೇಸು ನಮ್ಮ ಬಲಹೀನತೆಯ ವಿಷಯದಲ್ಲಿ ಅನುತಾಪ ತೋರಲಾರದವನಲ್ಲ, ಆತನೂ ಎಲ್ಲ ವಿಧದ ಶೋಧನೆಗಳನ್ನು ಅನುಭವಿಸಿದವನು, ಪಾಪ ಮಾತ್ರ ಮಾಡಲಿಲ್ಲ ಎಂದಿದೆ. ಬರೋಣ ಅನ್ನುವ ಕರೆ ನಿಂತಿರುವುದು ಇದರ ಮೇಲೆ. ನಮ್ಮ ಧೈರ್ಯಕ್ಕೆ ಕಾರಣ ನಮ್ಮ ಬೆಳಗಿನ ಪ್ರಾರ್ಥನೆ ಅಲ್ಲ, ಅಲ್ಲಿ ಕುಳಿತಿರುವವನು ಎಂಥವನು ಎಂಬುದು.

ಹಾಗಿದ್ದೂ ನಾವು ಹಿಂದೇಟು ಹಾಕುತ್ತೇವೆ. ಕೃಪೆಯಿಂದ ಶುರು ಮಾಡಿ ಆಮೇಲೆ ಕೂಲಿಯ ಲೆಕ್ಕಕ್ಕೆ ಇಳಿದುಬಿಡುತ್ತೇವೆ. ಗಲಾತ್ಯದ ಸಭೆಯವರಿಗೆ ಆದದ್ದೂ ಇದೇ. ಆತ್ಮನಿಂದ ಆರಂಭಿಸಿದವರು ಈಗ ನಿಮ್ಮ ಸ್ವಂತ ಬಲದಿಂದ ಮುಗಿಸಲು ಹೊರಟಿದ್ದೀರಾ ಎಂದು ಪೌಲನು ಅವರನ್ನು ಗದರಿಸಿದ್ದಾನೆ. ರೋಮಾಪುರದವರಿಗೆ ಬರೆಯುವಾಗ ಅವನೇ ಇದನ್ನು ಇನ್ನೂ ಸರಳವಾಗಿ ಹೇಳಿದ. ಕೆಲಸ ಮಾಡಿದವನಿಗೆ ಸಿಗುವ ಕೂಲಿಯನ್ನು ಯಾರೂ ಕೃಪೆ ಅನ್ನುವುದಿಲ್ಲ, ಅದು ಅವನಿಗೆ ಬರಬೇಕಾದದ್ದು. ಕೂಲಿಯ ಲೆಕ್ಕದಲ್ಲಿ ಬದುಕುವವರಿಗೆ ಕೆಲಸ ತಪ್ಪಿದ ದಿನ ಯಜಮಾನನ ಮುಖ ನೋಡುವುದಕ್ಕೆ ಹೆದರಿಕೆ. ನಿಮಗೆ ಆಗುತ್ತಿರುವುದು ಇದೇ ಅಲ್ವಾ?

ಒಂದು ಮಾತು ಇಲ್ಲಿ ಸೇರಿಸಬೇಕು. ಈ ಲೆಕ್ಕ ಕೆಟ್ಟ ದಿನಗಳಲ್ಲಿ ಮಾತ್ರ ಇರುತ್ತದೆ ಅಂದುಕೊಳ್ಳಬೇಡಿ. ಒಳ್ಳೆಯ ದಿನಗಳಲ್ಲೂ ಇರುತ್ತದೆ. ಬೆಳಿಗ್ಗೆ ಬೇಗ ಎದ್ದು ಪ್ರಾರ್ಥಿಸಿ, ಯಾರ ಮೇಲೂ ರೇಗದೆ ಸಂಜೆವರೆಗೆ ಕಳೆದ ದಿನ ನಿಮ್ಮ ಪ್ರಾರ್ಥನೆ ಹೇಗಿರುತ್ತದೆ ಗಮನಿಸಿ. ಇವತ್ತು ದೇವರು ಕೇಳಲೇಬೇಕು ಅನ್ನುವ ಸಣ್ಣ ಹಕ್ಕು ಒಳಗೆ ಸೇರಿಕೊಂಡಿರುತ್ತದೆ. ಲೂಕ 18ರಲ್ಲಿ ದೇವಾಲಯಕ್ಕೆ ಹೋದ ಫರಿಸಾಯನು, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವವನು, ಸುಳ್ಳು ಹೇಳಲಿಲ್ಲ. ವಾರಕ್ಕೆ ಎರಡು ಸಲ ಉಪವಾಸ ಮಾಡುತ್ತೇನೆ, ಸಂಪಾದನೆಯಲ್ಲಿ ಹತ್ತರಲ್ಲೊಂದು ಪಾಲು ಕೊಡುತ್ತೇನೆ ಅಂದ. ಎರಡೂ ನಿಜವೇ ಇರಬಹುದು. ಆದರೆ ನೀತಿವಂತನೆನಿಸಿಕೊಂಡು ಮನೆಗೆ ಹೋದವನು ಎದೆ ಬಡಿದುಕೊಂಡು ನಿಂತಿದ್ದ, ಜನ ಪಾಪಿ ಎಂದು ಕೀಳಾಗಿ ಕಾಣುತ್ತಿದ್ದ ಸುಂಕದವನು. ಒಳ್ಳೆಯ ದಿನದ ಜಂಬ, ಕೆಟ್ಟ ದಿನದ ನಾಚಿಕೆ, ಎರಡೂ ಒಂದೇ ಗಿಡದ ಹಣ್ಣು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಕೀಳುವುದಕ್ಕೆ ಆಗುವುದಿಲ್ಲ.

ಈ ಹೋರಾಟ ನಿಮ್ಮೊಬ್ಬರದೇ ಅಲ್ಲ ಎಂದು ತಿಳಿದಿರಲಿ. ಮುಂದೆ ಪ್ರೊಟೆಸ್ಟಂಟ್ ಸುಧಾರಣೆಗೆ ಕಾರಣರಾದ ಮಾರ್ಟಿನ್ ಲೂಥರ್ 1505ರಲ್ಲಿ ಜರ್ಮನಿಯ ಎರ್ಫರ್ಟಿನಲ್ಲಿ ಸನ್ಯಾಸಿ ಮಠ ಸೇರಿದರು. ಮಠದಲ್ಲಿ ಅವರು ಗಂಟೆಗಟ್ಟಲೆ ಪಾಪನಿವೇದನೆ ಮಾಡುತ್ತಿದ್ದರು. ಮುಗಿಸಿ ಬಂದ ಮೇಲೆ ಇನ್ನೊಂದು ಪಾಪ ನೆನಪಾದರೆ ಮತ್ತೆ ಹೋಗುತ್ತಿದ್ದರು. ಎಷ್ಟು ಹೇಳಿಕೊಂಡರೂ ಸಮಾಧಾನವಿಲ್ಲ. ಅವರ ಮಠದ ಹಿರಿಯರಾದ ಯೋಹಾನ್ ಸ್ಟೌಪಿಟ್ಸ್ ಅವರಿಗೆ ಕೊಟ್ಟ ಬುದ್ಧಿ ಒಂದೇ: ನಿನ್ನನ್ನೇ ನೋಡಿಕೊಂಡಿರಬೇಡ, ಕ್ರಿಸ್ತನ ಗಾಯಗಳನ್ನು ನೋಡು. ಮುಂದೆ ರೋಮಾಪುರದವರಿಗೆ ಬರೆದ ಪತ್ರಿಕೆ ಓದುವಾಗ ಆ ಮಾತು ಅವರಿಗೆ ಪೂರ್ತಿ ಅರ್ಥವಾಯಿತು. ಆ ಕಾಲದಲ್ಲಿ ಇದೇ ವಿಷಯಕ್ಕೆ ಸಭೆ ಒಡೆದದ್ದು ನಿಜ. ಆದರೆ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಕಥೋಲಿಕ ಸಭೆಯವರೂ ಲೂಥರನ್ ಸಭೆಗಳವರೂ ಸೇರಿ ಒಂದು ಹೇಳಿಕೆಗೆ ಸಹಿ ಹಾಕಿದರು. ದೇವರು ನಮ್ಮನ್ನು ಅಂಗೀಕರಿಸುವುದು ನಮ್ಮ ಯಾವ ಪುಣ್ಯದಿಂದಲೂ ಅಲ್ಲ, ಕೃಪೆಯಿಂದಲೇ ಎಂದು ಇಬ್ಬರೂ ಒಟ್ಟಿಗೆ ಒಪ್ಪಿಕೊಂಡರು. 2006ರಲ್ಲಿ ಮೆಥಡಿಸ್ಟರೂ ಸೇರಿಕೊಂಡರು. ಹಾಗಾಗಿ ನೀವು ಯಾವ ಸಭೆಯವರು ಎಂದು ನಾನು ಕೇಳುವುದಿಲ್ಲ. ಈ ವಿಷಯದಲ್ಲಿ ಉತ್ತರ ಬೇರೆಯಾಗುವುದಿಲ್ಲ.

ಈಗ ಪೇತ್ರನ ಹತ್ತಿರ ಬರೋಣ. ತಪ್ಪಿದ ಮೇಲೆ ಏನಾಗುತ್ತದೆ ಎಂಬುದನ್ನು ಬೈಬಲಿನಲ್ಲಿ ಇಷ್ಟು ಹತ್ತಿರದಿಂದ ತೋರಿಸುವ ಜಾಗ ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ.

ಯೇಸು ಹಿಡಿಯಲ್ಪಟ್ಟ ರಾತ್ರಿ ಇಬ್ಬರು ಶಿಷ್ಯರು ಬಿದ್ದರು. ಯೂದನು ಮೂವತ್ತು ಬೆಳ್ಳಿನಾಣ್ಯಕ್ಕೆ ಹಿಡಿದುಕೊಟ್ಟ. ಪೇತ್ರನು ಮಹಾಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಾ, ಆ ಮನುಷ್ಯನನ್ನು ನಾನು ಅರಿಯೆನು ಎಂದು ಮೂರು ಸಲ ಹೇಳಿದ. ಇಬ್ಬರೂ ಪಶ್ಚಾತ್ತಾಪಪಟ್ಟರು. ಇದನ್ನು ನಾವು ಮರೆತೇಬಿಡುತ್ತೇವೆ. ಮತ್ತಾಯ 27 ತೆಗೆದು ನೋಡಿ. ಯೂದನು ನಿರಪರಾಧಿಯನ್ನು ಹಿಡಿದುಕೊಟ್ಟು ಪಾಪ ಮಾಡಿದೆ ಎಂದು ಬಾಯಿಬಿಟ್ಟು ಒಪ್ಪಿಕೊಂಡ. ಹಣವನ್ನೂ ವಾಪಸು ಕೊಡಲು ಹೋದ. ಹೊರಗಿನಿಂದ ನೋಡಿದರೆ ಪೇತ್ರನಿಗಿಂತ ಅವನೇ ಜಾಸ್ತಿ ಮಾಡಿದ ಅನ್ನಬೇಕು. ಪೇತ್ರ ಸುಮ್ನೆ ಹೊರಗೆ ಹೋಗಿ ಬಿಕ್ಕಿಬಿಕ್ಕಿ ಅತ್ತ, ಅಷ್ಟೇ. ಆದರೆ ಯೂದನು ಹೋದದ್ದು ಯಾರ ಹತ್ತಿರ? ಯಾಜಕರ ಹತ್ತಿರ. ಅವರು, ಅದು ನಮಗೇನು, ನೀನೇ ನೋಡಿಕೋ ಅಂದರು. ತಪ್ಪನ್ನು ತಾನೇ ನೋಡಿಕೊಳ್ಳಬೇಕಾದವನಿಗೆ ನಿರಾಶೆ ಬಿಟ್ಟರೆ ಇನ್ನೇನು ಉಳಿಯುತ್ತದೆ? ಅವನು ಆ ನಿರಾಶೆಯಲ್ಲೇ ಮುಗಿದುಹೋದ.

ಪೇತ್ರನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅವನು ಬೀಳುವುದಕ್ಕೆ ಮೊದಲೇ ಯೇಸು ಅವನಿಗೋಸ್ಕರ ಪ್ರಾರ್ಥಿಸಿದ್ದನು. ನಿನ್ನ ನಂಬಿಕೆ ಕುಂದಬಾರದೆಂದು ಬೇಡಿಕೊಂಡಿದ್ದೇನೆ, ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು ಎಂದು ಲೂಕ 22ರಲ್ಲಿದೆ. ಬೀಳುತ್ತೀ ಎಂದು ಗೊತ್ತಿದ್ದೂ ಮುಂದಿನ ಕೆಲಸವನ್ನು ಆಗಲೇ ಒಪ್ಪಿಸಿಬಿಟ್ಟಿದ್ದನು. ಪುನರುತ್ಥಾನದ ಬೆಳಿಗ್ಗೆ ಸಮಾಧಿಯ ಹತ್ತಿರ ಸಿಕ್ಕ ಸುದ್ದಿ ಮಾರ್ಕನ ಸುವಾರ್ತೆಯಲ್ಲಿ ಹೀಗಿದೆ: ಆತನ ಶಿಷ್ಯರಿಗೂ ಪೇತ್ರನಿಗೂ ಹೇಳಿರಿ. ಶಿಷ್ಯರು ಅಂದರೆ ಅದರಲ್ಲಿ ಪೇತ್ರನೂ ಬಂದ ಅಲ್ವಾ? ಆದರೂ ಅವನ ಹೆಸರನ್ನು ಬಿಡಿಸಿ ಹೇಳಿದರು. ಹೇಳದಿದ್ದರೆ ಅವನು ನನಗಲ್ಲ ಅಂದುಕೊಳ್ಳುತ್ತಿದ್ದನೋ ಏನೋ.

ಆಮೇಲೆ ಯೋಹಾನ 21. ತಿಬೇರಿಯ ಸಮುದ್ರದಲ್ಲಿ ರಾತ್ರಿಯೆಲ್ಲ ಬಲೆ ಬೀಸಿದರೂ ಒಂದು ಮೀನೂ ಸಿಕ್ಕಿಲ್ಲ. ಬೆಳಗಾಗುವಾಗ ದಡದಲ್ಲಿ ಯಾರೋ ನಿಂತಿದ್ದಾರೆ. ಬಲಗಡೆ ಬಲೆ ಹಾಕಿ ಅನ್ನುತ್ತಾನೆ, ಹಾಕಿದರೆ ಎಳೆಯಲಾರದಷ್ಟು ಮೀನು. ಅದು ಕರ್ತನೇ ಎಂದು ಯೋಹಾನ ಹೇಳಿದ್ದೇ ತಡ, ಪೇತ್ರ ನೀರಿಗೆ ಧುಮುಕಿದ. ದಡ ಇನ್ನೂರು ಮೊಳ ದೂರದಲ್ಲಿತ್ತು, ದೋಣಿಯಲ್ಲೇ ಹೋಗಬಹುದಿತ್ತು. ಅವನಿಗೆ ಅಷ್ಟು ತಡೆಯಲಿಲ್ಲ. ಸಹೋದರಿ, ಈ ಧುಮುಕುವುದನ್ನು ಗಮನಿಸಿ. ಇವನು ಕೆಲವು ದಿನಗಳ ಹಿಂದೆ ಇದೇ ಯೇಸುವನ್ನು ಅರಿಯೆನು ಅಂದವನು. ನಾಚಿಕೆ ಇರಲಿಲ್ಲವೇ? ಇದ್ದೇ ಇರುತ್ತದೆ. ಆದರೆ ಆ ನಾಚಿಕೆ ಅವನನ್ನು ದೋಣಿಯ ಇನ್ನೊಂದು ಮೂಲೆಗೆ ಕಳಿಸಲಿಲ್ಲ, ಯೇಸುವಿನ ಕಡೆಗೆ ಓಡಿಸಿತು.

ದಡಕ್ಕೆ ಬಂದಾಗ ಅವನಿಗೆ ಕಂಡದ್ದು ಕೆಂಡ, ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಪೇತ್ರ ಇನ್ನೂ ಒಂದು ಮಾತೂ ಆಡಿಲ್ಲ, ಕ್ಷಮೆ ಕೇಳಿಲ್ಲ, ಅಷ್ಟರಲ್ಲಿ ಊಟ ಸಿದ್ಧವಾಗಿದೆ. ಅವರು ತಂದ ನೂರೈವತ್ತಮೂರು ಮೀನು ಆಮೇಲಿನ ಮಾತು. ಬನ್ನಿ, ಊಟಮಾಡಿ ಅನ್ನುತ್ತಾನೆ ಯೇಸು. ಊಟ ಆದ ಮೇಲೆಯೇ ಆ ಮೂರು ಪ್ರಶ್ನೆ: ನನ್ನನ್ನು ಪ್ರೀತಿಸುತ್ತೀಯಾ? ಅವು ಪೇತ್ರನಿಗೆ ನೋವು ಕೊಟ್ಟವು ಎಂದು ಯೋಹಾನನೇ ಬರೆದಿದ್ದಾನೆ. ಕೃಪೆ ಅಂದರೆ ತಪ್ಪನ್ನು ಮುಚ್ಚಿಹಾಕುವುದು ಅಲ್ಲ. ಮೂರು ಸಲ ಅಲ್ಲಗಳೆದವನನ್ನು ಮೂರು ಸಲ ಕೇಳಿಯೇ ಕೇಳಿದನು. ಆದರೆ ಹೊಟ್ಟೆ ತುಂಬಿಸಿ, ಹತ್ತಿರ ಕೂರಿಸಿಕೊಂಡು ಕೇಳಿದನು. ಪ್ರತಿ ಉತ್ತರಕ್ಕೂ ನನ್ನ ಕುರಿಗಳನ್ನು ಮೇಯಿಸು ಎಂದು ಕೆಲಸ ಕೊಟ್ಟನು.

ಇದನ್ನು ಈಗ ನಿಮ್ಮ ಸಂಜೆಗೆ ತನ್ನಿ. ಮಗುವಿನ ಮೇಲೆ ಕೂಗಾಡಿದ್ದೀರಿ. ಅದು ಅಳುತ್ತಾ ಒಳಗೆ ಹೋಗಿದೆ. ನಿಮ್ಮ ಎದೆ ಇನ್ನೂ ಹೊಡೆದುಕೊಳ್ಳುತ್ತಿದೆ. ಆ ಹೊತ್ತಿನಲ್ಲಿ ಮನಸ್ಸಿನಲ್ಲಿ ಎರಡು ಮಾತು ಓಡುತ್ತವೆ. ಒಂದು, ಅವನೂ ಹಾಗೇ ಮಾಡಿದ, ನಾನೊಬ್ಬಳೇ ಏನು ಮಾಡಲಿ. ಇನ್ನೊಂದು, ನಾನೆಂಥ ಕ್ರೈಸ್ತಳು, ನನಗೆ ಪ್ರಾರ್ಥಿಸುವುದಕ್ಕೆ ಏನು ಯೋಗ್ಯತೆ. ಎರಡನ್ನೂ ಬಿಡಿ. ಮೊದಲನೆಯದು ಪಾಪವನ್ನು ಒಪ್ಪಿಕೊಳ್ಳುವುದಿಲ್ಲ, ಎರಡನೆಯದು ಕೃಪೆಯನ್ನು ಒಪ್ಪಿಕೊಳ್ಳುವುದಿಲ್ಲ. ನಿಂತ ಜಾಗದಲ್ಲೇ, ಕೆಲಸದ ಕೈಯಲ್ಲೇ, ಗಟ್ಟಿಯಾಗಿ ಬೇಡ, ಹೀಗೆ ಹೇಳಿ: ಕರ್ತನೇ, ಈಗ ನಾನು ಮಗುವಿನ ಮೇಲೆ ಕೂಗಾಡಿದೆ. ದಣಿದಿದ್ದೆ ನಿಜ, ಆದರೂ ಅದು ತಪ್ಪು. ಯೇಸುವಿನ ನಿಮಿತ್ತ ಕ್ಷಮಿಸು. ಈಗ ಅವನ ಹತ್ತಿರ ಹೋಗುವುದಕ್ಕೆ ಸಹಾಯ ಮಾಡು. ಅಷ್ಟೇ. ತಪ್ಪಿಗೆ ಅದರ ಹೆಸರನ್ನೇ ಇಟ್ಟು ಹೇಳಿ. ನನ್ನ ಎಲ್ಲ ಪಾಪಗಳನ್ನೂ ಕ್ಷಮಿಸು ಅಂತ ಒಟ್ಟಿಗೆ ಹೇಳಿದರೆ ಮನಸ್ಸು ಯಾವುದನ್ನೂ ನಿಜವಾಗಿ ಹೇಳಿರುವುದಿಲ್ಲ.

ಆಮೇಲೆ ಹೋಗಿ ಮಗುವಿನ ಹತ್ತಿರ ಕೂತುಕೊಳ್ಳಿ. ಅಮ್ಮ ಅಷ್ಟು ಜೋರಾಗಿ ಕೂಗಬಾರದಿತ್ತು, ತಪ್ಪಾಯಿತು ಕಂದಾ ಅನ್ನಿ. ಅಲ್ಲಿಗೆ ನಿಲ್ಲಿಸಿ. ಆದರೆ ನೀನೂ... ಎಂದು ಶುರು ಮಾಡಬೇಡಿ. ಮಗು ತಿದ್ದಿಕೊಳ್ಳಬೇಕಾದದ್ದನ್ನು ಆಮೇಲೆ, ಇಬ್ಬರೂ ತಣ್ಣಗಾದ ಮೇಲೆ ಹೇಳಿದರಾಯಿತು. ಕೃಪೆಯ ಬಗ್ಗೆ ನೀವು ಮಕ್ಕಳಿಗೆ ಎಷ್ಟು ಕಥೆ ಹೇಳಿದರೂ ಈ ಒಂದು ಮಾತಿನಷ್ಟು ಅವರಿಗೆ ಅರ್ಥವಾಗುವುದಿಲ್ಲ.

ಇಷ್ಟಾದ ಮೇಲೆ ಮುಖ್ಯವಾದ ಒಂದು ಕೆಲಸ ಇದೆ. ಕ್ಷಮೆ ಸಿಕ್ಕಿತು ಎಂದು ನಂಬುವುದು. 1 ಯೋಹಾನ 1:9ರಲ್ಲಿ, ನಮ್ಮ ಪಾಪಗಳನ್ನು ಒಪ್ಪಿಕೊಂಡರೆ ದೇವರು ನಂಬಿಗಸ್ತನೂ ನೀತಿವಂತನೂ ಆಗಿರುವುದರಿಂದ ಕ್ಷಮಿಸುತ್ತಾನೆ ಎಂದಿದೆ. ದಯಾಳು ಆಗಿರುವುದರಿಂದ ಎಂದಿದ್ದರೆ ಆಶ್ಚರ್ಯವಿರಲಿಲ್ಲ. ನೀತಿವಂತನಾದುದರಿಂದ ಅನ್ನುತ್ತಾನೆ. ಶಿಲುಬೆಯ ಮೇಲೆ ತೀರಿಹೋದ ಸಾಲವನ್ನು ದೇವರು ಎರಡನೆಯ ಸಲ ನಿಮ್ಮಿಂದ ವಸೂಲಿ ಮಾಡಿದರೆ ಅದು ಅನ್ಯಾಯವಾಗುತ್ತದೆ. ದೇವರು ಅನ್ಯಾಯ ಮಾಡುವವನಲ್ಲ. ಆದ್ದರಿಂದ ರಾತ್ರಿಯೆಲ್ಲ ನಿಮ್ಮನ್ನೇ ಶಪಿಸಿಕೊಳ್ಳುವುದು, ನಾಳೆ ಊಟ ಬಿಡುತ್ತೇನೆ ಎಂದು ಶಿಕ್ಷೆ ವಿಧಿಸಿಕೊಳ್ಳುವುದು, ಇವು ಭಕ್ತಿಯ ಹಾಗೆ ಕಂಡರೂ ಭಕ್ತಿಯಲ್ಲ. ಉಪವಾಸಕ್ಕೆ ಅದರದೇ ಜಾಗ ಇದೆ. ಸಾಲ ತೀರಿಸುವುದಕ್ಕೆ ಅದು ಇಲ್ಲ.

ಇಷ್ಟು ಮಾಡಿದರೂ ಮನಸ್ಸು ಹಗುರವಾಗದೆ ಇರಬಹುದು. ಪರವಾಗಿಲ್ಲ. ಅದೇ ಯೋಹಾನನ ಪತ್ರಿಕೆಯ 3ನೇ ಅಧ್ಯಾಯದಲ್ಲಿ ಇದಕ್ಕೂ ಮಾತಿದೆ: ನಮ್ಮ ಹೃದಯ ನಮ್ಮನ್ನು ದೋಷಿ ಎಂದು ನಿರ್ಣಯಿಸಿದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು. ನಂಬುವುದು ಅಂದರೆ ಹಗುರವಾಗಿ ಅನಿಸುವುದಲ್ಲ. ಹಗುರ ಅನಿಸದೆ ಇರುವಾಗಲೂ ಆತನ ಮಾತನ್ನೇ ಹಿಡಿದುಕೊಂಡು ಮುಂದಿನ ಕೆಲಸಕ್ಕೆ ಏಳುವುದು. ಇಲ್ಲೇ ಇನ್ನೊಂದನ್ನು ಹೇಳಿಬಿಡುತ್ತೇನೆ. ಕೆಲವರಿಗೆ ಅಪರಾಧಭಾವ ಬಿಡದೆ ಕಾಡುತ್ತದೆ. ಒಂದೇ ಪಾಪವನ್ನು ದಿನಕ್ಕೆ ಹತ್ತಾರು ಸಲ ಒಪ್ಪಿಕೊಂಡರೂ ಸಾಲುವುದಿಲ್ಲ, ನಿದ್ದೆ ಬರುವುದಿಲ್ಲ, ಬದುಕೇ ಬೇಡ ಅನಿಸುತ್ತದೆ. ಇದು ನಂಬಿಕೆಯ ಕೊರತೆ ಅಲ್ಲ, ಕಾಯಿಲೆ ಇರಬಹುದು. ಹಾಗಿದ್ದರೆ ತಡಮಾಡದೆ ಮನೋವೈದ್ಯರನ್ನು ಕಾಣಿ. ವೈದ್ಯರ ಕೈಯಿಂದ ಬರುವ ಸಹಾಯವೂ ದೇವರ ಕೃಪೆಯೇ.

ಸಿಟ್ಟು ಮತ್ತೆ ಮತ್ತೆ ಬರುವುದರ ಬಗ್ಗೆ. 2 ಸಮುವೇಲ 9ರಲ್ಲಿ ಮೆಫೀಬೋಶೆತನ ಕಥೆ ಇದೆ. ಹಿಂದಿನ ಅರಸ ಸೌಲನ ಮೊಮ್ಮಗ, ದಾವೀದನ ಗೆಳೆಯ ಯೋನಾತಾನನ ಮಗ, ಎರಡೂ ಕಾಲು ಕುಂಟು. ಹಳೆಯ ಅರಸನ ಮನೆಯವನನ್ನು ಹೊಸ ಅರಸ ಹುಡುಕಿಸುತ್ತಾನೆ ಅಂದರೆ ಆ ಕಾಲದಲ್ಲಿ ಕೊಲ್ಲುವುದಕ್ಕೇ ಇರಬೇಕು. ಆದರೆ ದಾವೀದನು ಯೋನಾತಾನನ ನಿಮಿತ್ತ ಅವನಿಗೆ ದಯೆ ತೋರಿಸಿ, ನಿತ್ಯವೂ ನನ್ನ ಪಂಕ್ತಿಯಲ್ಲಿ ಊಟಮಾಡು ಅಂದ. ಆ ಅಧ್ಯಾಯ ಮುಗಿಯುವುದು ಹೇಗೆ ಗೊತ್ತೇ? ಅವನು ಯಾವಾಗಲೂ ಅರಸನ ಪಂಕ್ತಿಯಲ್ಲಿ ಊಟಮಾಡುತ್ತಿದ್ದ, ಅವನ ಎರಡು ಕಾಲುಗಳೂ ಕುಂಟಾಗಿದ್ದವು. ಊಟಕ್ಕೆ ಕೂತವನ ಕಾಲು ಅಂದೇ ಸರಿಹೋಗಲಿಲ್ಲ. ಸರಿಹೋಗಲಿಲ್ಲವೆಂದು ಅವನನ್ನು ಎಬ್ಬಿಸಲೂ ಇಲ್ಲ.

ಹಾಗಂತ ಸಿಟ್ಟು ಹಾಗೇ ಇರಲಿ ಅನ್ನುತ್ತಿಲ್ಲ. ಅದರ ಜೊತೆ ಹೋರಾಡಿ, ಆದರೆ ಪಂಕ್ತಿಯಲ್ಲಿ ಕೂತು ಹೋರಾಡಿ. ಯಾವ ಹೊತ್ತಿನಲ್ಲಿ ಜಾಸ್ತಿ ಬರುತ್ತದೆ ಎಂದು ನೋಡಿಕೊಳ್ಳಿ. ನಿದ್ದೆ ಸಾಕಾಗಿದೆಯೇ? ಹೊತ್ತಿಗೆ ಸರಿಯಾಗಿ ಊಟ ಮಾಡಿದ್ದೀರಾ? ಎಲ್ಲ ಕೆಲಸ ನಿಮ್ಮೊಬ್ಬರ ತಲೆಯ ಮೇಲೆ ಇದೆಯೇ? ಪ್ರವಾದಿ ಎಲೀಯನು ನನಗೆ ಸಾಕಾಯಿತು ಎಂದು ಗಿಡದ ಕೆಳಗೆ ಬಿದ್ದುಕೊಂಡಾಗ ದೇವರು ಮೊದಲು ಉಪದೇಶ ಮಾಡಲಿಲ್ಲ. ನಿದ್ದೆ ಮಾಡಲು ಬಿಟ್ಟು, ದೂತನ ಕೈಲಿ ರೊಟ್ಟಿ ನೀರು ಕಳಿಸಿದನು, ಅದೂ ಎರಡು ಸಲ. ಮನೆಯವರ ಹತ್ತಿರ ಸಹಾಯ ಕೇಳಿ. ನಂಬಿಕಸ್ಥಳಾದ ಒಬ್ಬ ಸಹೋದರಿಗೆ ಹೇಳಿಕೊಂಡು ಇಬ್ಬರೂ ಪ್ರಾರ್ಥಿಸಿ. ಸಿಟ್ಟು ಹೊಡೆಯುವ ಮಟ್ಟಕ್ಕೆ ಹೋಗುತ್ತಿದ್ದರೆ ಮಾತ್ರ ಅದನ್ನು ಗುಟ್ಟಾಗಿ ಇಟ್ಟುಕೊಳ್ಳಬೇಡಿ, ಆಪ್ತಸಲಹೆಗಾರರ ಸಹಾಯ ಪಡೆಯಿರಿ. ಮಗುವಿನ ಕ್ಷೇಮ ನಿಮ್ಮ ಮರ್ಯಾದೆಗಿಂತ ದೊಡ್ಡದು.

ಬೆಳಗಿನ ಪ್ರಾರ್ಥನೆ ತಪ್ಪಿದ ವಿಷಯಕ್ಕೆ ಜಾಸ್ತಿ ಹೇಳುವುದಿಲ್ಲ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರವಾದ ಮನ್ನ ಸಿಕ್ಕಿದ್ದು ದಿನದಿನವೂ. ನಾಳೆಗೆಂದು ಉಳಿಸಿಟ್ಟದ್ದು ಹುಳ ಬಿದ್ದು ನಾರಿತು, ಸಬ್ಬತ್ತೆಂಬ ವಿಶ್ರಾಂತಿದಿನದ ಹಿಂದಿನ ದಿನ ಮಾತ್ರ ಬೇರೆ. ಇವತ್ತು ಬೆಳಿಗ್ಗೆ ತಪ್ಪಿದರೆ ನಾಳೆ ಎರಡರಷ್ಟು ಪ್ರಾರ್ಥಿಸಿ ಸರಿದೂಗಿಸುವ ಅಗತ್ಯವಿಲ್ಲ. ಮಧ್ಯಾಹ್ನ ನೆನಪಾಯಿತೇ, ಮಧ್ಯಾಹ್ನವೇ ಎರಡು ಮಾತಾಡಿ. ಒಂದು ಕೀರ್ತನೆ ಓದಿ. 103ನೆಯದು ನನಗೆ ತುಂಬಾ ಇಷ್ಟ. ಪ್ರಾರ್ಥನೆ ದೇವರನ್ನು ಒಲಿಸಿಕೊಳ್ಳುವ ಕೆಲಸವಲ್ಲ, ಆಗಲೇ ಒಲಿದಿರುವವನ ಜೊತೆ ಕೂರುವುದು. ತಪ್ಪಿದರೆ ನಿಮಗೇ ನಷ್ಟ, ಆದರೆ ಆತನು ಮುಖ ತಿರುಗಿಸುವುದಿಲ್ಲ.

ಕಷ್ಟ ಬಂದಾಗ ಶಿಕ್ಷೆಯೇ ಎಂದು ಹೆದರುವುದು ಇದಕ್ಕಿಂತ ಆಳದ ವಿಷಯ. ಹುಟ್ಟುಕುರುಡನನ್ನು ಕಂಡಾಗ ಶಿಷ್ಯರೂ ಹೀಗೇ ಕೇಳಿದರು: ಪಾಪ ಮಾಡಿದವರು ಯಾರು, ಇವನೋ, ಇವನ ತಂದೆತಾಯಿಗಳೋ? ಇವನೂ ಅಲ್ಲ, ಅವರೂ ಅಲ್ಲ ಅಂದನು ಯೇಸು. ಕ್ರಿಸ್ತನಲ್ಲಿರುವವರಿಗೆ ಅಪರಾಧನಿರ್ಣಯವೇ ಇಲ್ಲ ಎಂದು ರೋಮಾಪುರ 8:1 ಹೇಳುತ್ತದೆ. ದೇವರು ಮಕ್ಕಳನ್ನು ತಿದ್ದುತ್ತಾನೆ, ನಿಜ, ಇಬ್ರಿಯ 12ರಲ್ಲಿದೆ. ಆದರೆ ತಂದೆ ತಿದ್ದುವುದು ಬೇರೆ, ನ್ಯಾಯಾಧಿಪತಿ ಶಿಕ್ಷಿಸುವುದು ಬೇರೆ. ಕೆಲಸ ಹೋಯಿತು, ಕಾಯಿಲೆ ಬಂತು ಅಂದಾಗ ಯಾವ ಪಾಪಕ್ಕೆ ಎಂದು ಹಳೆಯ ದಿನಗಳನ್ನು ಕೆದಕುತ್ತಾ ಕೂರಬೇಡಿ. ನಿಮ್ಮ ತಪ್ಪಿನಿಂದಲೇ ಬಂದ ಫಲವಾದರೆ ಸಾಮಾನ್ಯವಾಗಿ ಅದು ಕಣ್ಣಿಗೆ ಕಾಣುತ್ತದೆ, ಹುಡುಕಬೇಕಾಗಿಲ್ಲ. ಕಂಡರೆ ತಿದ್ದಿಕೊಳ್ಳಿ.

ಪೌಲನಿಗೆ ಶರೀರದಲ್ಲಿ ಒಂದು ಮುಳ್ಳು ನಾಟಿದಂತಿತ್ತು. ಅದು ಏನೆಂದು ಅವನು ಬರೆಯಲಿಲ್ಲ. ತೆಗೆದುಬಿಡು ಎಂದು ಮೂರು ಸಲ ಬೇಡಿಕೊಂಡ. ಅವನು ಸುಮ್ಮನೆ ಕೊರಗುವ ಮನುಷ್ಯನಲ್ಲ. ಒಂದು ಕಡಮೆ ನಲವತ್ತು ಏಟನ್ನು ಐದು ಸಲ ತಿಂದವನು, ಮೂರು ಸಲ ಹಡಗು ಒಡೆದು ಬದುಕಿಬಂದವನು. ಅಂಥವನು ಬೇಡಿಕೊಂಡ ಅಂದರೆ ನೋವು ಸಣ್ಣದಿರಲಾರದು. ಸಿಕ್ಕ ಉತ್ತರ: ನನ್ನ ಕೃಪೆಯೇ ನಿನಗೆ ಸಾಕು. ಮುಳ್ಳು ಹೋಗಲಿಲ್ಲ. ಬೇಡಿದ್ದು ಸಿಗದಿದ್ದಾಗ ಕೃಪೆಯೂ ಇಲ್ಲ ಅಂದುಕೊಳ್ಳುತ್ತೇವೆ. ಪೌಲನಿಗೆ ಎರಡೂ ಒಟ್ಟಿಗೆ ಇದ್ದವು, ಮುಳ್ಳೂ ಇತ್ತು, ಕೃಪೆಯೂ ಇತ್ತು. ದೇವರನ್ನು ನಂಬಿದರೆ ಕಷ್ಟವೇ ಬರುವುದಿಲ್ಲ ಎಂದು ಯಾರಾದರೂ ನಿಮಗೆ ಹೇಳಿದ್ದರೆ, ದಯವಿಟ್ಟು ಆ ಮಾತನ್ನು ನಂಬಬೇಡಿ. ಕಷ್ಟದಲ್ಲಿರುವವರಿಗೆ ಅದು ಎರಡನೆಯ ಪೆಟ್ಟು.

ಕೊನೆಯದಾಗಿ ನಿಮ್ಮ ಸಡಿಲವಾಗುವ ಭಯ. ಇದು ಹೊಸದಲ್ಲ. ಕೃಪೆ ಹೆಚ್ಚಲಿ ಎಂದು ಪಾಪದಲ್ಲೇ ಇರೋಣವೋ ಎಂಬ ಪ್ರಶ್ನೆಯನ್ನು ಪೌಲನೇ ಎತ್ತಿ, ಎಂದಿಗೂ ಇಲ್ಲ ಎಂದು ಉತ್ತರಿಸಿದ್ದಾನೆ. ಕೃಪೆಯನ್ನು ನೆಪ ಮಾಡಿಕೊಂಡು ಬೇಕಾದ ಹಾಗೆ ಬದುಕುವವರು ಇದ್ದಾರೆ, ಇಲ್ಲವೆಂದಲ್ಲ. ಆದರೆ ಅವರು ನಿಮ್ಮ ಹಾಗೆ ಪತ್ರ ಬರೆಯುವುದಿಲ್ಲ. ಮೋಸದಿಂದ ದುಡ್ಡು ಮಾಡಿದ್ದ ಸುಂಕದವನಾದ ಜಕ್ಕಾಯನನ್ನು ನೋಡಿ. ಯೇಸುವನ್ನು ನೋಡಲು ಮರ ಹತ್ತಿದ್ದವನಿಗೆ, ಇವತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಎಂದು ಯೇಸು ಮೊದಲು ಹೇಳಿದನು. ಮೋಸದ ಹಣ ವಾಪಸು ಕೊಡು, ಆಮೇಲೆ ಬರುತ್ತೇನೆ ಅನ್ನಲಿಲ್ಲ. ಬಂದ ಮೇಲೆ ಜಕ್ಕಾಯನು ತಾನಾಗಿಯೇ ಎದ್ದು ನಿಂತು, ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ಅಂದ. ಯಾರೂ ಅವನನ್ನು ಕೇಳಿರಲಿಲ್ಲ. ತೀತನಿಗೆ ಬರೆದ ಪತ್ರಿಕೆಯಲ್ಲಿ, ಕೃಪೆಯೇ ನಮಗೆ ಭಕ್ತಿಹೀನತೆಯನ್ನು ಬಿಟ್ಟುಬಿಡಲು ಕಲಿಸುತ್ತದೆ ಎಂದಿದೆ. ಭಯದಿಂದ ಬಿಟ್ಟ ಪಾಪ ಭಯ ಕಡಿಮೆಯಾದ ಕೂಡಲೇ ವಾಪಸು ಬರುತ್ತದೆ. ಪ್ರೀತಿಯಿಂದ ಬಿಟ್ಟದ್ದು ನಿಧಾನವಾಗಿ ಹೋಗುತ್ತದೆ, ಆದರೆ ಬೇರು ಸಮೇತ ಹೋಗುತ್ತದೆ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ನಿಮ್ಮಂಥ ಮನಸ್ಸಿನವರಲ್ಲಿ ಇದನ್ನು ತುಂಬ ಕಾಣುತ್ತೇನೆ. ಕೆಟ್ಟ ವಾರ ಕಳೆದ ಮೇಲೆ ಕರ್ತನ ಭೋಜನಕ್ಕೆ, ಅಂದರೆ ಸಭೆಯಲ್ಲಿ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವುದಕ್ಕೆ, ಮುಂದೆ ಹೋಗದೆ ಹಿಂದಿನ ಸಾಲಿನಲ್ಲೇ ಉಳಿದುಬಿಡುತ್ತಾರೆ. 1 ಕೊರಿಂಥ 11:28ರಲ್ಲಿ ಪ್ರತಿಯೊಬ್ಬನೂ ತನ್ನನ್ನು ಪರೀಕ್ಷಿಸಿಕೊಂಡು ಆ ರೊಟ್ಟಿಯನ್ನು ತಿನ್ನಲಿ ಎಂದಿದೆ, ಪರೀಕ್ಷಿಸಿಕೊಂಡು ದೂರ ಇರಲಿ ಎಂದಿಲ್ಲ. ಮೊದಲನೆಯ ಸಲ ಆ ರೊಟ್ಟಿಯನ್ನು ತೆಗೆದುಕೊಂಡವರು ಅದೇ ರಾತ್ರಿ ಯೇಸುವನ್ನು ಬಿಟ್ಟು ಓಡಿಹೋದರು, ಅದು ಆತನಿಗೆ ಮೊದಲೇ ಗೊತ್ತಿತ್ತು, ಆದರೂ ಕೊಟ್ಟನು. ನಿಮ್ಮ ಸಭೆಯಲ್ಲಿ ಮೊದಲು ಪಾಪನಿವೇದನೆ ಮಾಡುವ ಕ್ರಮವಿದ್ದರೆ ಮಾಡಿ. ಯಾರ ಜೊತೆಗಾದರೂ ಮನಸ್ತಾಪ ಇದ್ದರೆ ಶನಿವಾರವೇ ಅವರ ಹತ್ತಿರ ಮಾತಾಡಿ. ಭಾನುವಾರ ಎಲ್ಲರ ಜೊತೆ ಎದ್ದು ಮುಂದೆ ಹೋಗಿ.